ಕೇಕೆ ಮತ್ತು ಕವಿತೆ

ಬೇರೆಯವರ ಗೆಲುವಿಗಾಗಿ ಗಂಟಲು ಹರಿದುಕೊಳ್ಳುವುದಕ್ಕೂ ಆಯ್ಕೆ ಪರೀಕ್ಷೆ ಇಟ್ಟವರು ಅಮೆರಿಕದವರು. ನಮ್ಮಲ್ಲಿ ಕೂಗುವವರಿಗೇನು ಬರವೇ? ಕಬಡ್ಡಿ ಅಂಕಣದ ಸುತ್ತ ಊರಿಗೆ ಊರೇ ನಿಂತು ಕೂಗುತ್ತದೆ. ಆದರೆ ಆ ಕೂಗಿಗೆ ಸಮವಸ್ತ್ರವಿಲ್ಲ, ತರಬೇತುದಾರರಿಲ್ಲ, ಬೇಸಿಗೆ ಶಿಬಿರವಿಲ್ಲ. ಅಲ್ಲಿ ಇದೆಲ್ಲ ಉಂಟು. ಡಲ್ಲಾಸ್ ಪಕ್ಕದ ತಂಗಿಯ ಮನೆಯಲ್ಲಿ ಒಂದು ಶರತ್ಕಾಲ ಕಳೆದಾಗ ಹತ್ತಿರದಿಂದ ನೋಡಲು ಸಿಕ್ಕಿತು. ತಂಗಿಯ ಮಗಳು ಹೈಸ್ಕೂಲಿನ ಚಿಯರ್ ತಂಡದಲ್ಲಿದ್ದಾಳೆ. ಅದೇ ಶಾಲೆಯ ಸಾಹಿತ್ಯ ಪತ್ರಿಕೆಯ ಸಂಪಾದಕ ಬಳಗದಲ್ಲೂ ಇದ್ದಾಳೆ. ಕೇಕೆ, ಕವಿತೆ ಎರಡೂ ಒಂದೇ ಹುಡುಗಿಯಲ್ಲಿ ಹೇಗೆ ಹೊಂದಿಕೊಂಡಿವೆ ಎಂಬ ಕುತೂಹಲಕ್ಕೆ ಅವಳ ಬೆನ್ನು ಬಿದ್ದೆ.

ಟೆಕ್ಸಾಸಿನಲ್ಲಿ ಶುಕ್ರವಾರ ಸಂಜೆ ಹೈಸ್ಕೂಲ್ ಫುಟ್‌ಬಾಲಿಗೆ ಮೀಸಲು. ಶನಿವಾರ ಕಾಲೇಜಿನವರದು, ಭಾನುವಾರ ದುಡ್ಡಿಗೆ ಆಡುವವರದು. ಅಲ್ಲೇ ಹತ್ತಿರದ ಅಲನ್ ಎಂಬ ಊರು 2012ರಲ್ಲಿ ಸುಮಾರು 6 ಕೋಟಿ ಡಾಲರ್ ಸುರಿದು 18,000 ಜನ ಕೂರುವ ಕ್ರೀಡಾಂಗಣ ಕಟ್ಟಿಕೊಂಡಿತು. ಹೈಸ್ಕೂಲ್ ಹುಡುಗರ ಆಟಕ್ಕೆ! ಹಳೆಯ ವಿದ್ಯಾರ್ಥಿಗಳನ್ನು ಕರೆಯುವ ಹೋಂಕಮಿಂಗ್ ವಾರದಲ್ಲಂತೂ ಹುಡುಗಿಯರು ಎದೆಗೆ ‘ಮಮ್’ ತೊಟ್ಟು ಬರುತ್ತಾರೆ. ಹಾಗೆಂದರೆ ನಮ್ಮ ಸೇವಂತಿಗೆಯೇ. ಹಿಂದೆಲ್ಲ ನಿಜವಾದ ಹೂವಿತ್ತಂತೆ, ಈಗ ಬಟ್ಟೆಯದು. ತಟ್ಟೆಯಗಲದ ಆ ಹೂವಿನಿಂದ ಮೊಣಕಾಲಿನ ತನಕ ರಿಬ್ಬನ್ನು, ಗೆಜ್ಜೆ, ಪುಟ್ಟ ಕರಡಿಗೊಂಬೆ. ಜಾತ್ರೆಯ ಬಸವನಿಗೂ ಇಷ್ಟು ಸಿಂಗಾರ ಮಾಡುವುದಿಲ್ಲ.

ಚಿಯರ್ ತಂಡದ ಈ ಕೂಗಿಗೊಂದು ಜನ್ಮದಿನವೂ ಇದೆ: 1898ರ ನವೆಂಬರ್ 2. ಸೋತು ಸೋತು ಸುಸ್ತಾದ ಮಿನೆಸೋಟ ವಿಶ್ವವಿದ್ಯಾಲಯದ ತಂಡಕ್ಕಾಗಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಎಲ್ಲರನ್ನೂ ಒಟ್ಟಿಗೆ ಕೂಗಿಸಿದ. ಅವತ್ತು ತಂಡ ಗೆದ್ದಿತು. ಆಮೇಲೆ ಬಹಳ ಕಾಲ ಇದು ಗಂಡಸರ ಕೆಲಸವೇ ಆಗಿತ್ತು. ಐಸೆನ್‌ಹೋವರ್, ರೇಗನ್, ಕಿರಿಯ ಬುಷ್ ಮೂವರೂ ಓದುವ ದಿನಗಳಲ್ಲಿ ಚಿಯರ್‌ಲೀಡರುಗಳು. ಹುಡುಗಿಯರಿಗೆ ಬಾಗಿಲು ತೆರೆದದ್ದು 1920ರ ದಶಕದಲ್ಲಿ. ಎರಡನೇ ಮಹಾಯುದ್ಧಕ್ಕೆ ಗಂಡಸರು ಹೊರಟ ಮೇಲೆ ಜಾಗ ಬಹುಪಾಲು ಇವರದಾಯಿತು. ಜಾಗ ಹುಡುಗಿಯರದಾದ ಮೇಲೆಯೇ ಜನ ಇದನ್ನು ಹಗುರಾಗಿ ನೋಡತೊಡಗಿದರು ಎಂಬ ಗುಮಾನಿ ನನ್ನದು.

ಹಗುರ ಎಂದವರು ಗುರುವಾರ ಸಂಜೆ ತಂಗಿಯ ಗ್ಯಾರೇಜಿಗೆ ಬರಬೇಕಿತ್ತು. ಅಗಲವಾದ ಕಾಗದದ ಸುರುಳಿಯನ್ನು ನೆಲಕ್ಕೆ ಹಾಸಿ, ಮಂಡಿಯೂರಿ, ಆಳೆತ್ತರದ ಅಕ್ಷರಗಳಿಗೆ ಹುಡುಗಿಯರು ಬಣ್ಣ ತುಂಬುತ್ತಿದ್ದರು. ಅಕ್ಷರ ವಾಲಿತು ಎಂದು ಜಗಳ, ಅಂಚು ದಾಟಿತು ಎಂದು ಜಗಳ. ಮೊಣಕೈವರೆಗೂ ನೀಲಿ. ಮರುದಿನ ಆಟಗಾರರು ಈ ಕಾಗದವನ್ನು ಸೀಳಿಕೊಂಡೇ ಮೈದಾನಕ್ಕೆ ನುಗ್ಗಬೇಕು. ಸೀಳಲು ಸಲೀಸಾಗಲಿ ಎಂದು ಕೊನೆಗೆ ನಟ್ಟನಡುವೆ ಸಣ್ಣಗೆ ಕತ್ತರಿಯನ್ನೂ ಆಡಿಸಿದರು.

“ಇಷ್ಟು ಕಷ್ಟಪಟ್ಟು ಬರೆದದ್ದನ್ನ ಒಂದೇ ಗಳಿಗೇಲಿ ಹರಿದು ಹಾಕ್ತಾರಲ್ಲೇ!” ಎಂದೆ.

“ಹರಿಯೋಕೇ ಬರೆಯೋದು, ದೊಡ್ಡಮ್ಮ. ಹರೀದೇ ಇದ್ರೆ ಫಜೀತಿ. ಹೋದ ವರ್ಷ ಒಬ್ಬ ಅದರೊಳಗೇ ಸಿಕ್ಕಾಕಿಕೊಂಡು ಬಿದ್ದ.”

ಪತ್ರಿಕೆಯ ಕೆಲಸಕ್ಕೆ ಇಂಥ ಸಡಗರವಿಲ್ಲ. ಊಟದ ಬಿಡುವಿನಲ್ಲಿ ಇಂಗ್ಲಿಷ್ ಮೇಡಂ ಕೋಣೆಯಲ್ಲಿ ಒಂದಷ್ಟು ಮಕ್ಕಳು ಸ್ಯಾಂಡ್‌ವಿಚ್ ಮೆಲ್ಲುತ್ತ ಕೂರುತ್ತಾರೆ. ಬಂದ ಬರಹಗಳಿಂದ ಹೆಸರು ತೆಗೆದು ನಂಬರು ಹಾಕಿರುತ್ತಾರೆ. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ವಾದ ಮಾಡುವುದು, ಕೈ ಎತ್ತಿ ತೀರ್ಮಾನಿಸುವುದು. ವರ್ಷದ ಕೊನೆಗೆ ಸಂಚಿಕೆ ಬಂದಾಗ ಅದನ್ನು ಕೊಳ್ಳುವವರು ಬರೆದವರ ಅಪ್ಪ ಅಮ್ಮಂದಿರೇ ಹೆಚ್ಚು. ಹಾಗೆಂದು ತಳ್ಳಿಹಾಕುವಂತಿಲ್ಲ. ರಾಬರ್ಟ್ ಫ್ರಾಸ್ಟ್‌ನ ಮೊದಲ ಕವಿತೆ 1890ರಲ್ಲಿ ಅಚ್ಚಾದದ್ದು ಲಾರೆನ್ಸ್ ಹೈಸ್ಕೂಲಿನ ಪತ್ರಿಕೆಯಲ್ಲಿ. ಸ್ಕಾಟ್ ಫಿಟ್ಸ್‌ಜೆರಾಲ್ಡ್ 13ರ ವಯಸ್ಸಿನಲ್ಲಿ, 1909ರಲ್ಲಿ, ಸೇಂಟ್ ಪಾಲ್ ಅಕಾಡೆಮಿಯ ಪತ್ರಿಕೆಗೆ ಪತ್ತೇದಾರಿ ಕಥೆ ಬರೆದ. ‘ರೇಮಂಡ್ ಅಡಮಾನದ ರಹಸ್ಯ’ ಎಂಬರ್ಥದ ಶೀರ್ಷಿಕೆ ಅದಕ್ಕೆ. ಕಥೆಯೊಳಗೆ ಹುಡುಕಿದರೆ ಅಡಮಾನದ ಸುದ್ದಿಯೇ ಇಲ್ಲ! ಆ ಸಂಪಾದಕ ಹುಡುಗರನ್ನು ನೆನೆದರೆ ನನಗೆ ಬಲು ಪ್ರೀತಿ.

ತಂಗಿಯ ಗಂಡನದು ಒಂದೇ ಪ್ರಶ್ನೆ: “ಕಾಲೇಜ್ ಅಪ್ಲಿಕೇಶನ್‌ಗೆ ಯಾವುದಕ್ಕೆ ತೂಕ ಜಾಸ್ತಿ?” ಅವರಿಗೆ ಸಮಾಧಾನ ಕೊಡುವುದು ಟೆಕ್ಸಾಸಿನ 1984ರ ಕಾನೂನು. ಯಾವುದಾದರೂ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಆಟ ಕೂಟಗಳಿಗೆಲ್ಲ ಸದ್ಯಕ್ಕೆ ತಡೆ. ತರಬೇತುದಾರರು ಬೈದುಕೊಂಡರೂ ಅಪ್ಪಂದಿರಿಗೆ ಹಿಡಿಸಿದ ಕಾನೂನು. ನನಗೆ ಕಂಡದ್ದು ಬೇರೆ. ಎರಡು ಕಡೆಯೂ ಹುಡುಗಿ ದುಡಿಯುವುದು ಪರರ ಹೆಸರಿಗೆ. ಅಲ್ಲಿ ಟಚ್‌ಡೌನ್ ಬೇರೆಯವನದು, ಇಲ್ಲಿ ಕವಿತೆ ಬೇರೆಯವಳದು. ಹದಿನಾರರ ವಯಸ್ಸಿಗೆ ಇದು ಸಣ್ಣ ಸಂಗತಿಯಲ್ಲ. ಎಷ್ಟೋ ಲೇಖಕರಿಗೆ ಅರವತ್ತಾದರೂ ಒಗ್ಗುವುದಿಲ್ಲ.

ಒಂದು ರಾತ್ರಿ ಊಟದ ಮೇಜಿನಲ್ಲಿ ಅವಳೇ ಹೇಳಿಕೊಂಡಳು. ಆ ದಿನ ಸಭೆಯಲ್ಲಿ ಅವಳದೇ ಕವಿತೆ ನಂಬರು ಹೊತ್ತು ಬಂದಿತ್ತಂತೆ. ನಿಯಮದ ಪ್ರಕಾರ ಬಾಯಿ ಬಿಡುವ ಹಾಗಿಲ್ಲ. ಅಜ್ಜಿ, ಅಡುಗೆಮನೆ, ಸಾಸಿವೆ ಸಿಡಿಯುವ ಸದ್ದು. “ಮತ್ತೆ ಒಬ್ಬಳು ಅಜ್ಜಿ, ಮತ್ತೆ ಮಸಾಲೆ” ಎಂದು ಯಾರೋ ನಿಟ್ಟುಸಿರು ಬಿಟ್ಟರಂತೆ.

“ನೀನೇನು ಮಾಡಿದೆ?”

“ಬೇಡ ಅಂತ ನಾನೂ ಕೈ ಎತ್ತಿದೆ. ಅವರು ಹೇಳಿದ್ದು ಸರಿ ಇತ್ತು.”

ತಂಗಿಯೂ ನಾನೂ ಮುಖ ಮುಖ ನೋಡಿಕೊಂಡು ನಕ್ಕೆವು. ನಮ್ಮಮ್ಮನಿಗೂ ಒಗ್ಗರಣೆಗೂ ಎಣ್ಣೆ ಸೀಗೆಕಾಯಿ. ಒಲೆಯ ಮೇಲೆ ಸಾರಿಟ್ಟು ತ್ರಿವೇಣಿಯ ಕಾದಂಬರಿ ಹಿಡಿದು ಕೂತರೆ, ತಳ ಹತ್ತಿದ ವಾಸನೆ ಮೊದಲು ತಲುಪುತ್ತಿದ್ದದ್ದು ಪಕ್ಕದ ಮನೆಯವರಿಗೆ. ಅವರು ಗೋಡೆಯಾಚೆಯಿಂದ ಕೂಗಬೇಕು, “ರೀ, ನಿಮ್ಮ ಸಾರು!” ಎಂದು.

ಹುಡುಗಿ ಚಮಚ ಕೆಳಗಿಟ್ಟಳು. “ಇದನ್ನ ಯಾಕೆ ಇಷ್ಟು ದಿನ ನನಗೆ ಯಾರೂ ಹೇಳ್ಲಿಲ್ಲ?” ಎಂದು ನಮ್ಮಿಬ್ಬರ ಮೇಲೂ ರೇಗಿದಳು.