ಬಡಪಾಯಿಯ ರೊಟ್ಟಿ

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ನನ್ನ ಮಗನ ಮನೆಯಿರುವ ಬೀದಿಯ ಮೂಲೆಗೆ ಒಂದು ತಿಂಡಿಯಂಗಡಿಯಿದೆ. ಆರು ಮೇಜು, ಒಂದಕ್ಕೊಂದು ಹೊಂದದ ಕುರ್ಚಿಗಳು, ಗೋಡೆಯ ಮೇಲೆ ಕೈಬರಹದ ದರಪಟ್ಟಿ, ಅಲಂಕಾರವೆಂದರೆ ಇಷ್ಟೆ. ಕೇಜನ್ ಮಸಾಲೆ ಸವರಿದ ಸೀಗಡಿಯನ್ನೋ ಮೀನನ್ನೋ ಕರಿದು, ಉದ್ದನೆಯ ಫ್ರೆಂಚ್ ಬ್ರೆಡ್ಡಿನೊಳಗೆ ತುಂಬಿ ಕೊಡುವುದು ಅಲ್ಲಿನ ವಿಶೇಷ. ಹೆಸರು ‘ಪೋ ಬಾಯ್’, ಎಂದರೆ ಬಡಹುಡುಗ.

ಗಲ್ಲಾದ ಬಳಿಯಿದ್ದ ಹೆಂಗಸು, ಎಪ್ಪತ್ತು ದಾಟಿದ ನನ್ನನ್ನು “ಬೇಬಿ” ಎಂದು ಕರೆದು, “ಡ್ರೆಸ್ಡ್?” ಎಂದು ಕೇಳಿದಳು. ನಾನು ಗಾಬರಿಯಿಂದ ನನ್ನ ಉಡುಪನ್ನೇ ನೋಡಿಕೊಂಡೆ. ಮಗ ನಕ್ಕ. ಲೆಟ್ಯೂಸ್ ಸೊಪ್ಪು, ಟೊಮೆಟೊ, ಉಪ್ಪಿನಲ್ಲಿ ಹಾಕಿದ ಸೌತೆ, ಮೇಯನೇಸ್ ಇವುಗಳನ್ನು ಸೇರಿಸಬೇಕೆ ಎಂಬುದು ಅದರ ಅರ್ಥವಂತೆ! ಶಾಕಾಹಾರಿಯಾದ ನಾನು ಮೊಟ್ಟೆಯ ಆ ಮೇಯನೇಸನ್ನೂ ಬಿಡಿಸಿ, ಕರಿದ ಆಲೂಗಡ್ಡೆಯನ್ನಷ್ಟೇ ತುಂಬಿಸಿಕೊಂಡೆ. ಹೊರಗೆ ಗರಿಗರಿ, ಒಳಗೆ ಹತ್ತಿಯಂತೆ ಹಗುರ. ಕಚ್ಚಿದೊಡನೆ ಅಂಗಿಯ ತುಂಬ ಪುಡಿ.

ತಿನ್ನುತ್ತ ಮಗ ಅದರ ಕಥೆ ಹೇಳಿದ. 1755ರಿಂದಾಚೆಗೆ ಬ್ರಿಟಿಷರು ಇಂದಿನ ಕೆನಡಾದ ಅಕೇಡಿಯಾ ಪ್ರಾಂತದಿಂದ ಹೊರದೂಡಿದ ಫ್ರೆಂಚರ ಸಂತತಿಯೇ ಕೇಜನ್ನರು. ಅವರ ಸೀಮೆಯ ರೇಸ್‌ಲ್ಯಾಂಡ್ ಎಂಬ ಊರಿನಿಂದ ಬಂದ ಬೆನ್ನಿ ಮತ್ತು ಕ್ಲೋವಿಸ್ ಮಾರ್ಟಿನ್ ಸಹೋದರರು ಇಲ್ಲಿ ಟ್ರಾಂ ಕಂಡಕ್ಟರುಗಳಾಗಿದ್ದು, 1922ರಲ್ಲಿ ಫ್ರೆಂಚ್ ಮಾರ್ಕೆಟ್ಟಿನಲ್ಲಿ ಕಾಫಿಯಂಗಡಿ ತೆರೆದರು. 1929ರ ಜುಲೈನಲ್ಲಿ ಟ್ರಾಂ ನೌಕರರು ಮುಷ್ಕರ ಹೂಡಿದಾಗ, ಹಳೆಯ ಸಂಗಾತಿಗಳಿಗೆಲ್ಲ ತಮ್ಮಲ್ಲಿ ಊಟ ಉಚಿತವೆಂದು ಕಾಗದ ಬರೆದು ತಿಳಿಸಿದರು. ಮುಷ್ಕರದವನೊಬ್ಬ ಬಾಗಿಲಲ್ಲಿ ಕಂಡರೆ, ಇನ್ನೊಬ್ಬ ಬಡಹುಡುಗ ಬಂದನೆಂದು ಒಳಗಿನಿಂದ ಕೂಗುತ್ತಿದ್ದರಂತೆ. ತಿಂಡಿಗೆ ಆ ಹೆಸರು ಹೀಗೆ ಅಂಟಿತೆಂದು ಊರವರ ಮಾತು. ಮಾಮೂಲು ಬ್ರೆಡ್ಡಿನ ಚೂಪು ತುದಿಗಳು ವ್ಯರ್ಥವಾಗುತ್ತಿದ್ದುದರಿಂದ, ಜಾನ್ ಗೆಂಡೂಸಾ ಎಂಬ ಬೇಕರಿಯವನು ತುದಿಯವರೆಗೂ ಒಂದೇ ಅಗಲದ, 40 ಅಂಗುಲ ಉದ್ದದ ಬ್ರೆಡ್ಡು ಮಾಡಿಕೊಟ್ಟ. ತುದಿ ಸಿಕ್ಕಿತೆಂದು ಯಾರೂ ಮುಖ ಸಣ್ಣದು ಮಾಡಿಕೊಳ್ಳಬೇಕಾಗಿರಲಿಲ್ಲ.

ನನ್ನ ಕೈ ಅಲ್ಲಿಗೇ ನಿಂತಿತು.

ನನ್ನ ತಂದೆ ಬೆಂಗಳೂರಿನ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ನಾನು ಎರಡನೆಯ ತರಗತಿಯಲ್ಲಿದ್ದಾಗ ಅಲ್ಲಿ ಮುಷ್ಕರವಾಯಿತು. ಪಕ್ಕದ ಬೀದಿಯ ಹೋಟೆಲಿನ ಭಟ್ಟರು ಪ್ರತಿ ಸಂಜೆ ಎಲೆಯಲ್ಲಿ ಉಪ್ಪಿಟ್ಟು ಕಟ್ಟಿಕೊಡುತ್ತಿದ್ದರು. “ಸಂಬಳ ಬಂದಾಗ ನೋಡೋಣ, ರಾಯರೇ” ಎಂದು ಲೆಕ್ಕದ ಪುಸ್ತಕದಲ್ಲಿ ಬರೆದಿಡುವರು. ಗಿರಣಿ ಮತ್ತೆ ತೆರೆಯಿತು. ಒಳಕ್ಕೆ ಕರೆಸಿಕೊಂಡವರಲ್ಲಿ ತಂದೆಯ ಹೆಸರಿರಲಿಲ್ಲ. ಅಂದಿನಿಂದ ಅವರು ಆ ಬೀದಿಯನ್ನು ಬಿಟ್ಟು ಸುತ್ತುದಾರಿಯಲ್ಲಿ ಮನೆಗೆ ಬರತೊಡಗಿದರು. ಭಟ್ಟರ ಮೇಲೆ ಏನೋ ಕೋಪವಿರಬೇಕೆಂದೇ ನಾನು ಎಷ್ಟೋ ವರ್ಷ ತಿಳಿದಿದ್ದೆ. ನನಗೆ ಕೆಲಸ ಸಿಕ್ಕಿದ ಮೇಲೆ ತಾಯಿ ನಿಜ ಹೇಳಿದರು. ಮೊದಲ ಸಂಬಳವನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಹೋಟೆಲಿದ್ದ ಜಾಗದಲ್ಲಿ ಸೈಕಲ್ ಅಂಗಡಿಯಿತ್ತು. ಭಟ್ಟರು ಊರಿಗೆ ಹೋದರೆಂದರು. ಯಾವ ಊರೆಂದು ಯಾರಿಗೂ ತಿಳಿಯದು.

ಇದನ್ನು ಮಗನಿಗೆ ಹೇಳಿದ್ದು ಅಂದೇ ಮೊದಲು.

“ಎಷ್ಟಿತ್ತಪ್ಪಾ, ಸಾಲ?”

“ನಲವತ್ತೇಳು ರೂಪಾಯಿ.”

ಅವನು ಮಾತನಾಡಲಿಲ್ಲ. ಆ ಹೆಂಗಸೇ ಬಂದು ನನ್ನ ತಟ್ಟೆಯಲ್ಲಿ ಉಳಿದಿದ್ದ ಅರ್ಧವನ್ನು ಕಾಗದದಲ್ಲಿ ಸುತ್ತಿ ಕೈಗಿತ್ತಳು. ನಾಳೆಗೆ ಮೆತ್ತಗಾಗಿಬಿಡುತ್ತದೆ, ಇಂದು ರಾತ್ರಿಯೇ ತಿನ್ನಬೇಕೆಂದು ಎರಡು ಸಲ ಹೇಳಿದಳು.