ಮೂರೂವರೆ ಇಂಚಿನ ಚಾಕು

ನಾವು ಚಾಕು ಇಟ್ಟುಕೊಂಡು ತಿರುಗುವವರು. ಹೀಗೆ ಬರೆದ ಕೂಡಲೇ ಕೆಲವರ ಹುಬ್ಬು ಮೇಲೇರುತ್ತದೆ ಎಂದು ಗೊತ್ತು. ಓದಿದ ಹುಡುಗರು, ಪದ್ಯ ಬರೆಯುವ ಹುಡುಗರು, ಇವರಿಗ್ಯಾಕ ಚಾಕು? ಪೆನ್ನು ಸಾಲದ? ಸಾಲದು. ಪೆನ್ನಿನಿಂದ ಉಳ್ಳಾಗಡ್ಡಿ ಹೆಚ್ಚಲಿಕ್ಕಾಗುವುದಿಲ್ಲ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲಿಕ್ಕಾಗುವುದಿಲ್ಲ. ನಡುರಾತ್ರಿ ಎಮ್ಮೆಯ ಕೊರಳಿಗೆ ಕಣ್ಣಿ ಬಿಗಿದು ಅದು ಕಣ್ಣು ತೇಲಿಸುವಾಗ ಪದ್ಯ ಓದಿ ಬದುಕಿಸಲಿಕ್ಕಾಗುವುದಿಲ್ಲ.

ನಮ್ಮ ಮನೆಗೆ ಅಲಗು ಹೊಸದಲ್ಲ. ಅಪ್ಪನ ಕೈಯಲ್ಲಿ ರಂಪಿಗೆ ಇತ್ತು. ತೊಗಲು ಕೊಯ್ಯುವ ಆ ಚಾಕು ನಮಗೆ ಅನ್ನ ಹಾಕಿತು, ಕಾಲೇಜಿನ ಫೀಸು ಕಟ್ಟಿತು. ನಮ್ಮ ಮನೆತನದಲ್ಲಿ ಡಿಗ್ರಿ ಅಂಬೋದನ್ನ ಮೊದಲು ಕಂಡವರು ನಾವು. ಅವತ್ತು ಅಪ್ಪ ಅಂದ: ‘ಇನ್ನ ನೀವು ರಂಪಿಗಿ ಮುಟ್ಟಬ್ಯಾಡ್ರಪಾ, ನನಗ ಸಾಕು.’ ಅವನ ಮಾತು ಮೀರಲಿಲ್ಲ. ಆದರೆ ಅಲಗನ್ನೇ ಬಿಟ್ಟುಬಿಡಲಿಕ್ಕೆ ನಮಗೆ ಮನಸ್ಸು ಬರಲಿಲ್ಲ. ಹನ್ನೆರಡನೆಯ ಶತಮಾನದ ಹರಳಯ್ಯನ ಕಥೆ ಹೇಳುವವರು ಅವನೂ ಅವನ ಹೆಂಡತಿಯೂ ತಮ್ಮ ತೊಡೆಯ ಚರ್ಮದಿಂದ ಮಾಡಿದ ಚಮ್ಮಾವುಗೆಯನ್ನು ಹಾಡಿ ಹೊಗಳುತ್ತಾರೆ. ಆ ಚರ್ಮ ಕೊಯ್ದ ಉಪಕರಣದ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಗೆಳೆಯರೆ, ಆರಿಸುವ ಮಾತಿಗೆ ಬರೋಣ. ಜಾತ್ರೆಯಲ್ಲಿ ಸಿಗುವ ಮಡಚುವ ಚಾಕು ಬೇಡ. ಅದರ ಜೀವವೆಲ್ಲ ಒಂದು ಕೀಲಿನಲ್ಲಿ ಇರುತ್ತದೆ. ಕೀಲಿಗೆ ಮಣ್ಣು, ಬೆಲ್ಲ, ಹಣ್ಣಿನ ರಸ ಸೇರಿಕೊಳ್ಳುತ್ತದೆ. ಸಡಿಲಾದ ದಿನ ಒತ್ತಿದರೆ ಅಲಗು ನಮ್ಮ ಬೆರಳಿನ ಮೇಲೇ ಮಡಚುತ್ತದೆ. ಮಡಚದ ಚಾಕುವಿಗೆ ಕೀಲಿಲ್ಲ, ಮುರಿಯುವ ಜಾಗವಿಲ್ಲ. ತೊಳೆದರೆ ತೊಳೆದಂತೆ. ಅಲಗಿನ ಕಬ್ಬಿಣ ಹಿಡಿಕೆಯ ತುದಿಯ ತನಕ ಒಂದೇ ತುಂಡಾಗಿ ಹೋಗಿರಬೇಕು. ಎರಡೂ ಬದಿಗೆ ಜಾಲಿ ಕಟ್ಟಿಗೆ ಕೂಡಿಸಿ ಮೊಳೆ ಬಡಿದಿರಬೇಕು. ಅಲಗು ಮೂರು, ಮೂರೂವರೆ ಇಂಚು ಸಾಕು. ಬೆನ್ನು ಎರಡೂವರೆ ಮಿಲಿಮೀಟರ್ ದಪ್ಪ ಇದ್ದರೆ ಹೆಚ್ಚು. ಹಿಡಿಕೆಯಲ್ಲಿ ನಾಲ್ಕೂ ಬೆರಳು ಕೂಡಬೇಕು. ಇದಕ್ಕಿಂತ ದೊಡ್ಡದು ನೋಡುವವರಿಗೆ ಚಂದ, ಕೆಲಸಕ್ಕೆ ಭಾರ.

ಸ್ಟೇನ್‌ಲೆಸ್ ಚಾಕುವಿಗೆ ತುಕ್ಕು ಹಿಡಿಯುವುದು ಕಮ್ಮಿ. ಮಳೆಗಾಲದ ಊರಿನವರಿಗೆ ಅದೇ ಒಳ್ಳೆಯದು. ನಮ್ಮದು ಲಾರಿಯ ಹಳೆ ಪಟ್ಟಿಯಿಂದ ಮಾಡಿದ್ದು. ಊರ ಕಂಬಾರ ಅಜ್ಜ ಅದನ್ನು ಕಾಸಿ, ಬಡಿದು, ಅಯಸ್ಕಾಂತಕ್ಕೆ ಅಂಟದಷ್ಟು ಕೆಂಪಗೆ ಮತ್ತೆ ಕಾಸಿ ಎಣ್ಣೆಯಲ್ಲಿ ಅದ್ದಿದ. ಅಷ್ಟಕ್ಕೇ ಬಿಟ್ಟರೆ ಗಾಜಿನಂಗ ಒಡೀತದ ಅಂತ, ಉಜ್ಜಿ ಹೊಳಪು ಮಾಡಿ, ಒಣಹುಲ್ಲಿನ ಬಣ್ಣ ಬರುವ ತನಕ ಇನ್ನೊಮ್ಮೆ ಹದವಾಗಿ ಬಿಸಿ ಮಾಡಿದ. ಇಷ್ಟು ವಿದ್ಯೆ ಯಾವ ಕಾಲೇಜಿನಲ್ಲೂ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೆ ಇದೇ ಕುಲುಮೆಯಲ್ಲಿ ನಮ್ಮ ಓಣಿಯವರ ಕುಡಗೋಲನ್ನು ನೆಲದ ಮೇಲೆ ಇಡುವುದು ರೂಢಿ. ಅವರು ಇಟ್ಟು ಸರಿದ ಮೇಲೆ ನಾವು ಎತ್ತಿಕೊಳ್ಳಬೇಕು. ಕೇಳಿದರೆ, ‘ಕಬ್ಬಿಣ ಕೈಯಿಂದ ಕೈಗೆ ಕೊಟ್ರ ಜಗಳ ಬರ್ತದ’ ಅನ್ನೋ ನೆವ. ಮೇಲಿನ ಓಣಿಯವರಿಗೆ ಕೈಗೇ ಕೊಡುತ್ತಿದ್ದರು, ಅವರ ನಡುವೆ ಜಗಳವೇನೂ ಬರುತ್ತಿರಲಿಲ್ಲ. ಚಾಕು ತಯಾರಾದ ದಿನ ನಾವು ಕೈ ಚಾಚಿ ನಿಂತೆವು. ಅಜ್ಜ ಬಾಳ ಹೊತ್ತು ಬೆಂಕಿ ನೋಡಿದ. ಆಮೇಲೆ ಹಿಡಿಕೆ ನಮ್ಮ ಕಡೆ ಮಾಡಿ ಕೈಯಲ್ಲಿ ಕೊಟ್ಟ. ‘ದಿನಾ ಒರಸ್ರಿ’ ಅಂದ. ಅಷ್ಟೇ ಅಂದದ್ದು.

ಇನ್ನೊಂದು ರಾತ್ರಿ. ಕವಿಗೋಷ್ಠಿ ಮುಗಿಸಿಕೊಂಡು ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಪೇದೆಯೊಬ್ಬರು ಬಂದು ಚೀಲ ತಡಕಿದರು. ನಾಲ್ಕು ಪುಸ್ತಕ, ಒಂದು ಟವೆಲ್ಲು, ಎರಡು ಪೇರಲಹಣ್ಣು, ಒರೆಯಲ್ಲಿ ಚಾಕು. ‘ಯಾವೂರು?’ ಹೇಳಿದೆವು. ‘ಊರಾಗ ಎಲ್ಲಿ?’ ಓಣಿ ಹೇಳಿದೆವು. ‘ಹಂಗಾದ್ರ ಇದ್ಯಾಕ ನಿಮಗ?’ ಪ್ರಶ್ನೆಗಳು ಬಂದ ಸರದಿ ನೋಡಿರಿ. ಪಕ್ಕದ ಬೆಂಚಿನಲ್ಲಿ ನಮ್ಮೂರ ಗೌಡರ ಮನೆಯವರು ಸಂತೆಯಿಂದ ತಂದ ಎರಡು ಕೊಡಲಿ, ಒಂದು ಮಚ್ಚು ಕಾಲ ಬಳಿ ಇಟ್ಟುಕೊಂಡು ಕೂತಿದ್ದರು. ಅವರನ್ನು ಯಾರೂ ಓಣಿ ಕೇಳಲಿಲ್ಲ. ಹಣ್ಣು ಕೊಯ್ಯೋದಕ್ಕ ಅಂದೆವು. ಪೇದೆ ಚಾಕುವನ್ನು ಬೆಂಚಿನ ಮೇಲೆ ಇಟ್ಟು ಹೋದರು.

ಅವತ್ತಿನಿಂದ ಕಾನೂನು ಓದಿಕೊಂಡಿದ್ದೇವೆ. ನೀವೂ ಓದಿಕೊಳ್ಳಿರಿ. 1959ರ ಆಯುಧ ಕಾಯಿದೆ ಆಯುಧ ಎಂದರೇನು ಎಂದು ಹೇಳುವಾಗಲೇ ಬರೀ ಮನೆಗೆಲಸಕ್ಕೆ, ಒಕ್ಕಲುತನಕ್ಕೆ ಮಾಡಿದ ವಸ್ತುಗಳನ್ನು ಹೊರಗಿಡುತ್ತದೆ. 2016ರ ಆಯುಧ ನಿಯಮಗಳ ಪಟ್ಟಿಯಲ್ಲಿರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು. ಅಲ್ಲಿಯೂ ಮನೆಯ, ಹೊಲದ, ಕೈಗಾರಿಕೆಯ ಸಲಕರಣೆಗಳಿಗೆ ವಿನಾಯಿತಿ ಇದೆ. ಹಾಗಂತ ತೋರಿಸಿ ಹೆದರಿಸಿದರೆ ಮೂರು ಇಂಚೂ ಅಪರಾಧವೇ. ವಿಮಾನದ ಕೈಚೀಲಕ್ಕೆ, ಕೋರ್ಟಿಗೆ ಒಯ್ಯುವ ಹಾಗಿಲ್ಲ. ಧರಣಿಗೆ, ಮೆರವಣಿಗೆಗೆ ಹೋಗುವಾಗ ನಾವೇ ಮನೆಯಲ್ಲಿ ಇಟ್ಟು ಹೋಗುತ್ತೇವೆ. ಅಲ್ಲಿ ನಮ್ಮ ಸೊಂಟದಲ್ಲಿ ಚಾಕು ಸಿಕ್ಕರೆ ಮರುದಿನ ಪತ್ರಿಕೆಯಲ್ಲಿ ನಮ್ಮ ಬೇಡಿಕೆ ಇರುವುದಿಲ್ಲ, ಚಾಕು ಇರುತ್ತದೆ.

ಅಲಗಿಗೂ ಹುಟ್ಟಿಗೂ ಈ ದೇಶ ಹಾಕಿದ ಗಂಟು ಹಳೆಯದು. 1936ರ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಹೇಳಿದ್ದು ಇದನ್ನೇ: ಚಾತುರ್ವರ್ಣ್ಯವು ಕೆಳಗಿನವರ ಕೈಯಿಂದ ಆಯುಧವನ್ನೂ ಅಕ್ಷರವನ್ನೂ ಒಟ್ಟಿಗೆ ತಪ್ಪಿಸಿತು, ಅದಕ್ಕೇ ಅವರು ದಂಗೆ ಏಳಲಾಗಲಿಲ್ಲ. ಅವರ ಅಧ್ಯಕ್ಷತೆಯ ಸಮಿತಿ ಕರಡು ಮಾಡಿದ ಸಂವಿಧಾನದ 25ನೇ ವಿಧಿಯಲ್ಲಿ ಸಿಖ್ಖರ ಕೃಪಾಣಕ್ಕೆ ಹೆಸರು ಹಿಡಿದು ಮಾನ್ಯತೆ ಇದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಅವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ನಾವು ವಿನಾಯಿತಿಯನ್ನೂ ಕೇಳುತ್ತಿಲ್ಲ. ಎಲ್ಲರಿಗೂ ಇರುವ ಕಾನೂನು ನಮ್ಮ ಓಣಿಗೂ ಇರಲಿ, ಕೆಲಸದ ಚಾಕು ನಮ್ಮ ಕೈಯಲ್ಲೂ ಕೆಲಸದ ಚಾಕುವಾಗಿಯೇ ಕಾಣಲಿ ಅನ್ನುತ್ತಿದ್ದೇವೆ.

ಕಡೆಗೆ ಬಳಸುವ ರೀತಿ. ಹುಳಿ ಹಣ್ಣು ಕೊಯ್ದರೆ ಪಟ್ಟಿಯ ಅಲಗು ಕಪ್ಪಾಗುತ್ತದೆ, ಅಂಜಬೇಡಿ. ತೊಳೆದು, ಒರಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿರಿ. ತಂಗಡಿ ತೊಗಟೆಯಲ್ಲಿ ಹದ ಮಾಡಿದ ತೊಗಲಿನ ಒರೆ ಗಟ್ಟಿ. ಆದರೆ ತೊಗಲು ತೇವ ಹಿಡಿಯುತ್ತದೆ, ವಾರಗಟ್ಟಲೆ ಬಳಸದಿದ್ದರೆ ಚಾಕುವನ್ನು ಒರೆಯಿಂದ ಹೊರಗಿಡಿರಿ. ಮಸೆಯುವಾಗ ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಅರ್ಧಕ್ಕೆ ಬಾಗಿಸಿ, ಮತ್ತೆ ಅದರರ್ಧಕ್ಕೆ ಬಾಗಿಸಿದರೆ ಓರೆ ಸರಿಯಾಗುತ್ತದೆ. ಎರಡೂ ಬದಿ ಸಮ ಉಜ್ಜಿ, ಕೊನೆಗೆ ತೊಗಲ ಪಟ್ಟಿಯ ಮೇಲೆ ಅಂಚು ಹಿಂದೆ ಬರುವಂತೆ ಹತ್ತು ಸಲ ಎಳೆಯಿರಿ. ಕೊಯ್ಯುವಾಗ ಅಂಚು ಮೈಯಿಂದ ಆಚೆ ಹೋಗಲಿ. ಮೊಂಡ ಚಾಕುವೇ ಕೈ ಕೊಯ್ಯುವುದು, ಯಾಕೆಂದರೆ ಅದಕ್ಕೆ ಬಲ ಹಾಕಬೇಕಾಗುತ್ತದೆ.

ಯಾರಾದರೂ ಕೇಳಿದರೆ ಕೊಡಿರಿ. ಹಿಡಿಕೆ ಅವರ ಕಡೆಗಿರಲಿ. ನೆಲದ ಮೇಲೆ ಮಾತ್ರ ಇಡಬೇಡಿ, ಕೈಗೇ ಕೊಡಿರಿ.