ಮುರುಮದ ಪ್ರಶ್ನೆ ಹೊತ್ತು ಹೊರದೇಶಕ್ಕೆ

ಹೊರದೇಶದಲ್ಲಿ ಕಾನೂನು ಓದಲು ಅರ್ಜಿ ಹಾಕುವವರಿಗೆ ಅಂಕಪಟ್ಟಿ, ಗುರುಗಳ ಶಿಫಾರಸು ಪತ್ರ, ಐಇಎಲ್‌ಟಿಎಸ್ ಅಂಕ ಇವೆಲ್ಲ ಓಡಾಟದ ಕೆಲಸ. ಓಡಾಡಿದರೆ ಮುಗಿಯುತ್ತವೆ. ಓಡಾಟಕ್ಕೆ ಬಗ್ಗದ್ದು ಒಂದೇ: ಕಾನೂನೇ ಏಕೆ, ಈ ವಿಶ್ವವಿದ್ಯಾಲಯವೇ ಏಕೆ ಎಂದು ಒಂದೆರಡು ಪುಟದಲ್ಲಿ ಸ್ವಂತ ಮಾತಿನಲ್ಲಿ ಹೇಳುವ ಬರಹ. ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ಮುರುಮದಲ್ಲೋ ನಿಲಂಗಾ, ಉದಗೀರದಲ್ಲೋ ಬೆಳೆದು, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತ ಹುಡುಗಿಗೆ ಇಲ್ಲಿ ಊರನ್ನು ಆದಷ್ಟು ಬದಿಗಿಡಬೇಕು ಅನ್ನಿಸುವುದು ಸಹಜ. ದೊಡ್ಡ ಶಹರದ ಹೆಸರಿಲ್ಲ, ಹೆಸರಾಂತ ಕಾನೂನು ಶಾಲೆಯ ಮುದ್ರೆಯಿಲ್ಲ. ಆದರೆ ನನಗೆ ಕಾಣುವುದು ಇದರ ತಿರುಗುಮುರುಗು. ಅವಳ ಅರ್ಜಿಗೆ ತೂಕ ಬರುವುದೇ ಆ ಊರಿನಿಂದ. ಜಗತ್ತಿನ ಕಾನೂನು ತರಗತಿಗಳು ಪಾಠವಾಗಿ ಓದಿಸುವ ಪ್ರಶ್ನೆಗಳನ್ನು ಅವಳ ಮನೆತನ ಮೂರು ತಲೆಮಾರಿನಿಂದ ಬಾಳುತ್ತ ಬಂದಿದೆ.

ಹೇಗೆಂದು ನೋಡಿ. 1956ರ ನವೆಂಬರ್ 1ರವರೆಗೆ ಉಮರ್ಗಾ, ಆಳಂದ, ಉದಗೀರ, ನಿಲಂಗಾ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಉದಗೀರ, ನಿಲಂಗಾ ತಾಲೂಕುಗಳಂತೂ ಬೀದರ ಜಿಲ್ಲೆಯವೇ. ರಾಜ್ಯ ಪುನರ್ವಿಂಗಡಣೆಯಲ್ಲಿ ಆಳಂದ ಮೈಸೂರಿಗೆ ಬಂತು, ಉಳಿದವು ಮುಂಬಯಿ ರಾಜ್ಯಕ್ಕೆ ಹೋಗಿ 1960ರಲ್ಲಿ ಮಹಾರಾಷ್ಟ್ರದ ಪಾಲಾದವು. ಆಮೇಲೆ ಕಾನೂನೂ ಕವಲೊಡೆಯಿತು. ಆಳಂದದ ಕಡೆ ಗೇಣಿದಾರನ ಹಕ್ಕನ್ನು ಕರ್ನಾಟಕದ 1961ರ ಭೂಸುಧಾರಣಾ ಕಾಯ್ದೆ ನಿರ್ಧರಿಸುತ್ತದೆ, ಮುರುಮದ ಕಡೆ ಹೈದರಾಬಾದಿನ 1950ರ ಗೇಣಿ ಕಾಯ್ದೆಯೇ ಉಳಿದಿದೆ. ನಿಜಾಮನ ಕಾಲದ ಉರ್ದು ದಫ್ತರದಲ್ಲಿ ದಾಖಲಾದ ಹೊಲಗಳೇ ಎರಡೂ ಕಡೆ. ಒಂದೇ ಬೀಗತನದ ಎರಡು ಮನೆಗಳಿಗೆ ಎರಡು ನ್ಯಾಯ. 2013ರಲ್ಲಿ ಸಂವಿಧಾನದ 371-ಜೆ ವಿಧಿ ಜಾರಿಗೆ ಬಂದಾಗ ಆಳಂದದ ಮಕ್ಕಳಿಗೆ ಓದು, ನೌಕರಿಯಲ್ಲಿ ಮೀಸಲಿನ ದಾರಿ ತೆರೆಯಿತು. ಅದು ಮುರುಮಕ್ಕೆ ಸಂಬಂಧಿಸಿದ್ದಲ್ಲ. ಇನ್ನು ಅಲ್ಪಸಂಖ್ಯಾತರ ಮಾತು. 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನೇ ಘಟಕವಾಗಿಟ್ಟು ಅಳೆಯಬೇಕೆಂದಿತು. ಮಣಿಪಾಲದ ಸಂಸ್ಥೆಯೊಂದು ಹೂಡಿದ ದಾವೆ ಮುರುಮದ ಕನ್ನಡಿಗನ ಸ್ಥಾನವನ್ನೂ ಹೇಳಿಬಿಟ್ಟಿತು: ಅವನ ಓಣಿಯಲ್ಲಿ ಎಷ್ಟು ಮನೆ ಕನ್ನಡ ಆಡಿದರೂ ಕಾನೂನಿನ ಕಣ್ಣಿಗೆ ಅವನು ಅಲ್ಪಸಂಖ್ಯಾತ.

ಈಗ ಬೆಲ್ಜಿಯಂ ಕಡೆ ತಿರುಗೋಣ. ಡಚ್ ಮತ್ತು ಫ್ರೆಂಚ್ ಮಾತಿನ ಪ್ರದೇಶಗಳ ನಡುವಿನ ಗೆರೆಯನ್ನು ಅಲ್ಲಿ 1960ರ ದಶಕದ ಆರಂಭದಲ್ಲಿ ಕಾನೂನು ಗಟ್ಟಿಮಾಡಿತು. ಗೆರೆಯ ಆಚೆ ಉಳಿದ ಫ್ರೆಂಚ್ ಮನೆಗಳವರು ಮಕ್ಕಳ ಶಾಲೆಗಾಗಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 1968ರ ಜುಲೈ 23ರ ತೀರ್ಪು ಅವರ ಬಹುಪಾಲು ಬೇಡಿಕೆಗಳನ್ನು ತಳ್ಳಿಹಾಕಿತು. ಬೇಕಾದ ಭಾಷೆಯಲ್ಲಿ ಸರ್ಕಾರವೇ ಶಾಲೆ ನಡೆಸಬೇಕೆಂಬ ಹಕ್ಕು ಇಲ್ಲವೆಂದಿತು. ಒಂದನ್ನು ಮಾತ್ರ ಒಪ್ಪಿತು: ಬ್ರಸೆಲ್ಸ್ ಸುತ್ತಲಿನ ಆರು ಊರುಗಳ ಫ್ರೆಂಚ್ ಶಾಲೆಗಳ ಬಾಗಿಲನ್ನು, ತಂದೆತಾಯಿ ಬೇರೆಡೆ ವಾಸಿಸುತ್ತಾರೆಂಬ ಒಂದೇ ಕಾರಣಕ್ಕೆ ಕೆಲವು ಮಕ್ಕಳಿಗೆ ಮುಚ್ಚುವುದು ತಾರತಮ್ಯ. ವಾಸದ ಜಾಗವೊಂದೇ ಮಗುವಿನ ಹಣೆಬರಹ ಬರೆಯಬಹುದೇ? ತಹಸೀಲ್ ಕಚೇರಿಯ ಮುಂದೆ ರಹಿವಾಸಿ ದಾಖಲೆಗಾಗಿ ಸಾಲಿನಲ್ಲಿ ನಿಂತವರಿಗೆ ಈ ಪ್ರಶ್ನೆಯನ್ನು ಯಾರೂ ವಿವರಿಸಬೇಕಿಲ್ಲ. ಇಟಲಿಯೊಳಗಿನ ಜರ್ಮನ್ ಮಾತಿನ ದಕ್ಷಿಣ ಟಿರೋಲ್, ಅಲ್ಪಸಂಖ್ಯಾತ ಭಾಷೆಯ ಶಾಲೆಯ ಹಕ್ಕನ್ನು 1982ರಲ್ಲಿ ಸಂವಿಧಾನಕ್ಕೇ ಸೇರಿಸಿಕೊಂಡ ಕೆನಡಾ, ಇವೂ ಅದೇ ಹಾದಿಯ ಊರುಗಳು. ನಮ್ಮ ಗಡಿಯ ತಕರಾರು 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅದು ಯಾವ ಹಳ್ಳಿ ಯಾರದು ಎಂದು ಕೇಳುತ್ತದೆ. ಗೆರೆ ಎಲ್ಲಿದ್ದರೂ ಅದರ ಎರಡೂ ಬದಿಯ ಮಕ್ಕಳಿಗೆ ಏನು ಸಲ್ಲಬೇಕು ಎಂದು ಕೇಳಬಲ್ಲ ವಕೀಲರು ನಮಗೆ ಬೇಕು. ಆ ಕೇಳುವಿಕೆಯನ್ನು ಹದಗೊಳಿಸಲು ಬೇರೆ ದೇಶಗಳ ಅನುಭವ ಓದಲೇಬೇಕು.

ಅಲ್ಲಿಯ ಕಾನೂನು ಇಲ್ಲಿಯ ಕೋರ್ಟಿನಲ್ಲಿ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಉತ್ತರ ಮಹಾಡದಲ್ಲಿದೆ. ಅಂಬೇಡ್ಕರ್ ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಓದಿ 1922ರಲ್ಲಿ ಬ್ಯಾರಿಸ್ಟರ್ ಆದರು. ಐದು ವರ್ಷಕ್ಕೆ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದಕ್ಕೆ ಅವರ ಮೇಲೆಯೇ ದಾವೆ ಬಿತ್ತು. ಹತ್ತು ವರ್ಷ ನಡೆದ ಆ ದಾವೆಯನ್ನು ಮುಂಬಯಿ ಹೈಕೋರ್ಟ್ 1937ರ ಮಾರ್ಚ್ 17ರಂದು ಮುಗಿಸಿತು. ಅಸ್ಪೃಶ್ಯರನ್ನು ದೂರವಿಡುವ ರೂಢಿ ಅನಾದಿಯಿಂದ ಬಂದದ್ದೆಂದು ಸವರ್ಣರು ಸಾಬೀತು ಮಾಡಲಿಲ್ಲ ಎಂಬುದು ಕಾರಣ. ರೂಢಿಗೆ ಕಾನೂನಿನ ಬಲ ಬರಬೇಕಾದರೆ ಅದು ಅನಾದಿಯಾಗಿರಬೇಕೆಂಬ ತತ್ವ ಇಂಗ್ಲೆಂಡಿನದು, ಜಗಳ ಕೊಂಕಣದ ಕೆರೆಯದು. ಹೊರಗಿನ ಓದು ಒಳಗಿನ ಬಾಯಾರಿಕೆಗೆ ಒದಗಿತು.

ದುಡ್ಡಿನ ಆಕ್ಷೇಪಣೆ ಇದಕ್ಕಿಂತ ಭಾರವಾದದ್ದು. ಅದನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ಬ್ರಿಟನ್ನಿನ ವೀಸಾಕ್ಕೆ ಶುಲ್ಕವೂ ಒಂಬತ್ತು ತಿಂಗಳವರೆಗಿನ ಜೀವನವೆಚ್ಚವೂ ಬ್ಯಾಂಕಿನಲ್ಲಿ ಸತತ 28 ದಿನ ಇದ್ದದ್ದನ್ನು ತೋರಿಸಬೇಕು. ದೊಡ್ಡ ಸಾಲವೆಂದರೆ ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಬೋಜಾ ಬೀಳುವುದು. ಸೋಯಾ, ತೊಗರಿಯ ದರ ನಂಬಿ ಎರಡೆಕರೆ ಹೊಲವನ್ನು ಅಡವಿಡಬಾರದು. ಹಾಗಾಗಿ ಹನ್ನೆರಡನೆಯ ತರಗತಿ ಮುಗಿದ ಕೂಡಲೇ ಹೊರದೇಶದ ಎಲ್‌ಎಲ್‌ಬಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಖರ್ಚು ಮೂರು ವರ್ಷದ್ದು, ಮರಳಿ ಬಂದರೆ ವಕೀಲಕಿಯ ಸನದಿಗೆ ಮುನ್ನ ಭಾರತೀಯ ವಕೀಲರ ಪರಿಷತ್ತಿನ ಅರ್ಹತಾ ಪರೀಕ್ಷೆ ಬೇರೆ. ಕಾನೂನು ಪದವಿ ಇಲ್ಲಿಯೇ ಆಗಲಿ. ಆಮೇಲೆ ಒಂದು ವರ್ಷದ ಎಲ್‌ಎಲ್‌ಎಂಗೆ, ಅದೂ ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ, ಹೊರಡಲಿ. ಪರಿಶಿಷ್ಟ ಜಾತಿಯ, ನವಬೌದ್ಧ ಮಕ್ಕಳಿಗೆ ಮಹಾರಾಷ್ಟ್ರದ ರಾಜರ್ಷಿ ಶಾಹು ಮಹಾರಾಜ ವಿದ್ಯಾರ್ಥಿವೇತನವಿದೆ. ಅಂಬೇಡ್ಕರರ ಓದಿಗೆ ನೆರವಾದ ಕೊಲ್ಹಾಪುರದ ದೊರೆಯ ಹೆಸರು ಅದಕ್ಕೆ. ಅಂಥದ್ದೇ ನೆರವು ನೀಡುವ ಕರ್ನಾಟಕದ ‘ಪ್ರಬುದ್ಧ’ ಯೋಜನೆ ಕರ್ನಾಟಕದ ವಾಸಿಗಳಿಗೆ. ಇಡೀ ದೇಶಕ್ಕೆ ಒಂದೇ ಅಧಿವಾಸ ಎಂದು ಸುಪ್ರೀಂ ಕೋರ್ಟ್ 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಹೇಳಿತು, ಆದರೂ ವಿದ್ಯಾರ್ಥಿವೇತನದ ದುಡ್ಡು ರಾಜ್ಯದ ಗೆರೆ ದಾಟುವುದಿಲ್ಲ. ಗಡಿಕನ್ನಡಿಗರ ಅಭಿಮಾನದ ಭಾಷಣಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ವರ್ಷಕ್ಕೆ ನಾಲ್ಕೈದು ಗಡಿಯಾಚೆಯ ಕನ್ನಡ ಮಕ್ಕಳಿಗಾದರೂ ‘ಪ್ರಬುದ್ಧ’ದ ಬಾಗಿಲು ತೆರೆದರೆ ಖಜಾನೆಗೇನೂ ಹೊರೆಯಾಗದು.

ಹೋದವರು ಮರಳುವುದಿಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಮರಳುವ ಕಾರಣ ಹೋಗುವ ಮೊದಲೇ ಹುಟ್ಟಿರಬೇಕು, ಅದು ಹುಟ್ಟುವುದು ತಾಲೂಕು ಕೋರ್ಟಿನಲ್ಲಿ. ಉಮರ್ಗಾದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಎರಡು ವರ್ಷ ದುಡಿದವಳು ಗೇಣಿಯ, ಫೇರಫಾರದ, ಅಂದರೆ ಖಾತೆ ಬದಲಾವಣೆಯ, ಕಾಗದಗಳನ್ನು ಕೈಯಾರೆ ತಿರುವಿರುತ್ತಾಳೆ. ಕನ್ನಡದಲ್ಲಿ ದುಃಖ ಹೇಳಿಕೊಂಡ ಕಕ್ಷಿದಾರಳ ಮಾತನ್ನು ಮರಾಠಿ ಅರ್ಜಿಯಲ್ಲಿ ಹಿಡಿದಿಟ್ಟಿರುತ್ತಾಳೆ, ಮೇಲ್ಮನವಿಗೆ ಇಂಗ್ಲಿಷಿನಲ್ಲಿ ತಯಾರಿ ಮಾಡಿರುತ್ತಾಳೆ. ಇಂಗ್ಲಿಷ್ ಸಾಲದು ಎಂಬ ಅಳುಕಿಗೂ ಅಲ್ಲಿಯೇ ಮದ್ದು. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಅರ್ಜಿದಾರರಿಂದ ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂದೂ ಕರಾರು ಹಾಕುತ್ತದೆ. ಉಮರ್ಗಾ ಕೋರ್ಟಿನ ಆ ಎರಡು ವರ್ಷಗಳನ್ನು ಅವಳು ಅರ್ಜಿಯ ಮೊದಲ ಪ್ಯಾರಾದಲ್ಲೇ, ಊರಿನ ಹೆಸರು ಹಿಡಿದು ಬರೆಯಲಿ.